ನಾಟ್ಯಶಾಲೆಯ ಗೋಡೆಗಳು

ನಮ್ಮ ಶಾಲೆಗೆ ರಂಗಮಂದಿರ ಇಲ್ಲ. ಗ್ಯಾದರಿಂಗ್ ಬಂತೆಂದರೆ ಹುಡುಗಿಯರು ಏಳನೇ ತರಗತಿಯ ಮುಂದಿನ ಪಡಸಾಲೆಯಲ್ಲೇ ಕುಣಿತ ಕಲಿಯಬೇಕು. ನಡುವಿನದೆಲ್ಲ ಬರುತ್ತದೆ, ಹಾಡು ಮುಗಿಯುವಾಗ ಹೇಗೆ ನಿಲ್ಲಬೇಕೆಂಬುದನ್ನು ಮಾತ್ರ ಪ್ರತಿ ವರ್ಷ ಮರೆಯುತ್ತಾರೆ. ಒಮ್ಮೆ ಬೇಸತ್ತು ಆ ಕೊನೆಯ ಭಂಗಿಯನ್ನು ಗೋಡೆಯ ಮೇಲೆ ಇದ್ದಿಲಿನಿಂದ ಬರೆದುಬಿಟ್ಟೆ. ಸುಣ್ಣದ ಗೋಡೆ ಕೆಡಿಸಿದ್ದಕ್ಕೆ ಬೈಸಿಕೊಂಡದ್ದೂ ಆಯಿತು.

ಆಮೇಲೆ ಡೊಮಿಂಗೊ ಪಯಸನ ಬರಹ ಓದಿದಾಗ ನನಗೆ ನಗು ಬಂತು. ಈ ಪೋರ್ಚುಗೀಸ್ ಪ್ರವಾಸಿ 1520ರ ಸುಮಾರಿಗೆ, ಕೃಷ್ಣದೇವರಾಯನ ಕಾಲದಲ್ಲಿ, ವಿಜಯನಗರ ಕಂಡವನು. ಅವನ ಬರಹವನ್ನು ರಾಬರ್ಟ್ ಸೆವೆಲ್ 1900ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ. ಅರಮನೆಯ ಹೆಣ್ಣುಮಕ್ಕಳಿಗೆ ನಾಟ್ಯ ಕಲಿಸುವ ಶಾಲೆಯೊಂದು ಅದರಲ್ಲಿ ಬರುತ್ತದೆ. ಉದ್ದನೆಯ, ಅಷ್ಟೇನೂ ಅಗಲವಿಲ್ಲದ ಕಟ್ಟಡ. ಗೋಡೆಯಿಂದ ತೋಳಿನಷ್ಟು ಈಚೆಗೆ ಸುತ್ತಲೂ ಕೆತ್ತನೆಯ ಕಲ್ಲುಕಂಬಗಳು, ಅವಕ್ಕೆ ಚಿನ್ನದ ಲೇಪ, ಮೇಲೆ ಆನೆ ಮೊದಲಾದ ಪ್ರಾಣಿಗಳು. ಅಲ್ಲಿನ ಫಲಕಗಳಲ್ಲಿ ಒಬ್ಬೊಬ್ಬ ನರ್ತಕಿ, ಒಂದೊಂದು ನಾಟ್ಯ ಮುಗಿದಾಗ ನಿಲ್ಲಬೇಕಾದ ಭಂಗಿಯಲ್ಲಿ. ಕಲಿಯುವವಳು ಮರೆತರೆ ಅದನ್ನು ನೋಡಿ ನೆನಪಿಸಿಕೊಳ್ಳಬೇಕು! ಆ ಮೇಷ್ಟರಿಗೂ ನನ್ನದೇ ತಾಪತ್ರಯ ಇತ್ತೆಂದಾಯಿತು.

ಒಂದು ತುದಿಯಲ್ಲಿ ಎಡಗಡೆಗೆ ಬಣ್ಣ ಬಳಿದ ಜಾಗ. ಅಲ್ಲಿ ಕೈಯಿಂದ ಹಿಡಿದುಕೊಂಡು ಮೈ, ಕಾಲು ಎಳೆದು ಸಡಿಲಿಸಿಕೊಳ್ಳುತ್ತಿದ್ದರಂತೆ. ಇನ್ನೊಂದು ತುದಿಯಲ್ಲಿ ಬಲಕ್ಕೆ ರಾಜ ಕೂತು ನೋಡುವ ಸ್ಥಳ. ನೆಲ, ಗೋಡೆಗಳಿಗೆಲ್ಲ ಚಿನ್ನ. ಅಲ್ಲಿ ಹನ್ನೆರಡು ವರ್ಷದ ಹುಡುಗಿಯಷ್ಟು ದೊಡ್ಡದಾದ ಚಿನ್ನದ ಹೆಣ್ಣುಬೊಂಬೆ, ಅದೂ ನಾಟ್ಯ ಮುಗಿಸಿ ನಿಂತದ್ದೇ. ಹನ್ನೆರಡೆಂದರೆ ನಮ್ಮ ಏಳನೇ ತರಗತಿಯವರ ವಯಸ್ಸು. ಬೊಂಬೆಯ ಅಳತೆಯನ್ನೂ ಬರೆದಿಟ್ಟವನು ಮೈ ನೋಯಿಸಿಕೊಂಡು ಕಲಿತವರಲ್ಲಿ ಒಬ್ಬಳ ಹೆಸರನ್ನೂ ಕೇಳಲಿಲ್ಲವಲ್ಲ ಎಂದು ನನಗೆ ಕೋಪವೇ ಬಂತು.

1565ರ ಯುದ್ಧದ ನಂತರ ನಗರ ಹಾಳಾಯಿತು. ಅರಮನೆಗಳಲ್ಲಿ ಇಂದು ಉಳಿದಿರುವುದು ಹೆಚ್ಚಾಗಿ ಅಡಿಪಾಯಗಳು. ಇದೇ ಆ ನಾಟ್ಯಶಾಲೆ ಎಂದು ಬೆರಳು ಮಾಡಿ ತೋರಿಸುವಂಥ ಗೋಡೆ ಹಂಪಿಯಲ್ಲಿ ಇಲ್ಲ. ಅದಕ್ಕಿಂತ ನಾಲ್ಕೈದು ಶತಮಾನ ಹಿರಿಯರಾದ, ಚಾಲುಕ್ಯರ ಕಾಲದ ಮದನಿಕೆಯರು ನಮ್ಮ ಕುರುವತ್ತಿಯ ಗುಡಿಯಲ್ಲಿ ಇನ್ನೂ ಬಳುಕುತ್ತಾ ನಿಂತಿದ್ದಾರೆ.

ಒಂದು ವರ್ಷ ಹಗರಿಬೊಮ್ಮನಹಳ್ಳಿಯಿಂದ ಹೊಸಪೇಟೆ ಮೇಲೆ ಮಕ್ಕಳನ್ನು ಹಂಪಿಗೆ ಕರೆದೊಯ್ದೆ. ನಾಟ್ಯಶಾಲೆಯ ಕಥೆ ಹೇಳಿ, ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಕೋಲಾಟವಾಡುವ ಹೆಂಗಸರನ್ನು ತೋರಿಸಿದೆ. ನಮ್ಮೊಂದಿಗೆ ಒಬ್ಬ ಹುಡುಗಿಯಿದ್ದಳು. ದೊಡ್ಡವಳಾದಳೆಂದು ಮನೆಯವರು ಅವಳ ಕುಣಿತ ಬಿಡಿಸಿದ್ದರು. ನಾನೇ ಎರಡು ಸಲ ಹೋಗಿ ಹೇಳಿದರೂ ಕೇಳಿರಲಿಲ್ಲ. ಉಳಿದವರು ಮುಂದೆ ಹೋದ ಮೇಲೆ ಅವಳು ಬುತ್ತಿಯ ಚೀಲ ಕೆಳಗಿಟ್ಟು, ಕಲ್ಲಿನವಳ ಹಾಗೆಯೇ ಕೈಯೆತ್ತಿ ನಿಂತಳು.

"ಇದು ಕುಣಿತದ ಕೊನೀ ಏನ್ರೀ ಟೀಚರ್, ಮೊದಲಾ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ.