1329 ಫಸಲಿಯ ಒಂದು ಕಾಯಿದೆ

ಮೂಸಿ ನದಿಯ ದಂಡೆಯ ಮೇಲಿನ ಹೈಕೋರ್ಟ್ ಕಟ್ಟಡವನ್ನು ಹೈದರಾಬಾದಿನಲ್ಲಿ ನೆಲೆಸಿದ ಕನ್ನಡಿಗರಾದ ನಾವು ಚಾರ್ಮಿನಾರಿಗೆ ಹೋಗುವ ದಾರಿಯ ಗುರುತೆಂದೇ ಹೆಚ್ಚಾಗಿ ಬಲ್ಲೆವು. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಅದನ್ನು ಉದ್ಘಾಟಿಸಿದ್ದು 1920ರ ಏಪ್ರಿಲ್ 20ರಂದು. ಬೀದರ, ಕಲಬುರಗಿ, ರಾಯಚೂರು ಸೀಮೆಯ ನಮ್ಮ ಹಿರಿಯರು ಮೇಲ್ಮನವಿಗಳನ್ನು ಹೊತ್ತು ಬರುತ್ತಿದ್ದುದೂ ಇಲ್ಲಿಗೇ. ನಿಜಾಮರ ನ್ಯಾಯಾಲಯದ ಭಾಷೆ ಉರ್ದು. ಕನ್ನಡವೊಂದನ್ನೇ ಬಲ್ಲ ಕಕ್ಷಿಗಾರನಿಗೆ ತನ್ನ ವ್ಯಾಜ್ಯದಲ್ಲಿ ಏನು ನಡೆಯುತ್ತಿದೆಯೆಂಬುದನ್ನು ವಕೀಲನ ಬಾಯಿಂದಲೇ ತಿಳಿಯಬೇಕು. ಅರ್ಜಿ, ಫಿರ್ಯಾದಿ, ಜಾಮೀನು ಎಂಬ ಮಾತುಗಳನ್ನು ಇಂದಿಗೂ ನಮ್ಮವೆಂದೇ ಆಡುತ್ತೇವೆ.

ಕಟ್ಟಡ ತೆರೆದ ಆ ವರ್ಷ ನಿಜಾಮರ ಪಂಚಾಂಗದಲ್ಲಿ 1329 ಫಸಲಿ. ಅದೇ ಅಂಕೆಯನ್ನು ಹೊತ್ತ ಕಾಯಿದೆಯೊಂದು ಹೈದರಾಬಾದಿನ ಕಾನೂನು ಪುಸ್ತಕದಲ್ಲಿ ಸೇರಿಕೊಂಡಿತು. ಅದರ ಹೆಸರನ್ನು ಕನ್ನಡಕ್ಕೆ ತರಲು ನಮಗೆ ಮನಸ್ಸೊಪ್ಪದು. ನಪುಂಸಕರ ಕಾಯಿದೆ ಎಂಬುದು ಅದರ ನೇರ ಅರ್ಥ. ಬ್ರಿಟಿಷರು 1871ರಲ್ಲಿ ಮಾಡಿದ ‘ಅಪರಾಧಿ ಬುಡಕಟ್ಟುಗಳ’ ಕಾಯಿದೆಯ ಎರಡನೆಯ ಭಾಗವೇ ಇದರ ಮಾತೃಕೆ. ಹೈದರಾಬಾದ್ ನಗರದಲ್ಲಿಯೂ ಸರ್ಕಾರ ಗೊತ್ತುಪಡಿಸುವ ಇತರ ಸ್ಥಳಗಳಲ್ಲಿಯೂ ವಾಸಿಸುವ, ‘ಸಂಶಯಕ್ಕೆ ಪಾತ್ರರಾದ’ ಹಿಜ್ರಾಗಳ ಹೆಸರು ವಿಳಾಸಗಳನ್ನು ಪಟ್ಟಿಯಲ್ಲಿ ಬರೆದಿಡಬೇಕು. ಪಟ್ಟಿಯಲ್ಲಿದ್ದವರು ಹೆಣ್ಣುಡುಗೆ ಉಟ್ಟು, ಒಡವೆ ತೊಟ್ಟು ಬೀದಿಯಲ್ಲಿ ಕಂಡರೆ, ಕುಣಿದರೆ, ವಾದ್ಯ ನುಡಿಸಿದರೆ ವಾರಂಟ್ ಇಲ್ಲದೆ ಹಿಡಿಯಬಹುದು. ಎರಡು ವರ್ಷದವರೆಗೆ ಸೆರೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಯಾರು ಈ ಕಾಯಿದೆಗೆ ಒಳಪಡುವರೆಂಬುದನ್ನು ವೈದ್ಯಕೀಯ ತಪಾಸಣೆಯಿಂದ ತೀರ್ಮಾನಿಸಲೂ ಅವಕಾಶವಿತ್ತು.

ಕನ್ನಡಿಗರಾಗಿ ಓದುವಾಗ ನಮಗೆ ನೆನಪಾಗುವುದು ಸವದತ್ತಿ ಎಲ್ಲಮ್ಮನ ಜೋಗಪ್ಪ ಜೋಗತಿಯರು. ಸೀರೆಯುಟ್ಟು, ಚೌಡಿಕೆ ಹಿಡಿದು, ಕೊಡ ಹೊತ್ತು ಬೀದಿಯಲ್ಲಿ ಕುಣಿಯುವುದೇ ಅವರ ಸೇವೆ. ಜೋಗತಿ ನೃತ್ಯದ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು; 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ರಾಷ್ಟ್ರಪತಿ ಭವನದಲ್ಲಿ ದೇಶವೇ ಗೌರವಿಸಿದ ಕಲೆ, 1329 ಫಸಲಿಯ ಪಟ್ಟಿಯಲ್ಲಿ ಹೆಸರಿದ್ದವರ ಪಾಲಿಗೆ ಜೈಲಿಗೆ ದಾರಿ.

ನಿಜಾಮರ ಆಳ್ವಿಕೆ ಮುಗಿದರೂ ಕಾಯಿದೆ ಮುಗಿಯಲಿಲ್ಲ. ಆಂಧ್ರ ಪ್ರದೇಶ ಬಂತು, 2014ರಲ್ಲಿ ತೆಲಂಗಾಣ ಬಂತು. ಅದರ ಹೆಸರಿನ ಹಿಂದಿನ ರಾಜ್ಯ ಮಾತ್ರ ಬದಲಾಯಿತು. ತೃತೀಯ ಲಿಂಗಿಗಳ ಹಕ್ಕುಗಳನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದೂ 2014ರಲ್ಲಿಯೇ. ಇದನ್ನು ಹೊರಗಿನವರ ದೋಷವೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಅದೇ ಪಟ್ಟಿಯ ಕಲ್ಪನೆ, ಬಹುಮಟ್ಟಿಗೆ ಅದೇ ಮಾತುಗಳಲ್ಲಿ, 2011ರಲ್ಲಿ ಕರ್ನಾಟಕ ಪೊಲೀಸ್ ಕಾಯಿದೆಗೆ 36ಎ ಕಲಮಾಗಿ ಸೇರಿತು. ಪ್ರಶ್ನೆ ಹೈಕೋರ್ಟಿಗೆ ಹೋದ ಮೇಲೆ ಆ ಹೀನಾಯದ ಪದವನ್ನು ತೆಗೆದು ‘ವ್ಯಕ್ತಿಗಳು’ ಎಂದು ತಿದ್ದಿದರು. ಕರಡು ಬರೆದವರೂ ಅದನ್ನು ಪರಿಶೀಲಿಸಿದವರೂ ಕಾನೂನು ಓದಿದವರೇ ಆಗಿರಬೇಕಲ್ಲವೆ?

ಆದುದರಿಂದಲೇ ವಕೀಲರ ತರಬೇತಿಯ ಮಾತು ಬಂದಾಗ ನಮಗೆ ಈ ಕಾಯಿದೆ ನೆನಪಾಗುತ್ತದೆ. ನ್ಯೂಯಾರ್ಕಿನಲ್ಲಿ ವಕೀಲಿ ಮಾಡುತ್ತಿರುವ ಕನ್ನಡಿಗರು ಬಲ್ಲರು: ಅಲ್ಲಿನ ಅನುಭವಿ ವಕೀಲರು ಎರಡು ವರ್ಷಕ್ಕೊಮ್ಮೆ ಒಂದು ಗಂಟೆಯನ್ನಾದರೂ ವೈವಿಧ್ಯ ಮತ್ತು ಪೂರ್ವಗ್ರಹ ನಿವಾರಣೆಯ ಪಾಠಕ್ಕೆ ಕೊಡಲೇಬೇಕೆಂಬ ನಿಯಮ 2018ರಿಂದ ಇದೆ. ನಮ್ಮಲ್ಲಿ ಸನದು ಪಡೆದ ಮೇಲೆ ಅಂಥ ಕಡ್ಡಾಯ ಗಂಟೆಯೊಂದಿಲ್ಲ. ಅದಕ್ಕೆ ಹತ್ತಿರದ ಮಾತು ಬಂದದ್ದು 2021ರ ಮಾರ್ಚ್ 18ರ ಅಪರ್ಣಾ ಭಟ್ ಪ್ರಕರಣದಲ್ಲಿ. ಹೆಣ್ಣೊಬ್ಬಳ ಮೇಲೆ ಕೈಮಾಡಿದ ಆರೋಪಿ ಅವಳಿಂದ ರಾಖಿ ಕಟ್ಟಿಸಿಕೊಳ್ಳಬೇಕೆಂದು ಮಧ್ಯಪ್ರದೇಶದ ಹೈಕೋರ್ಟ್ ಜಾಮೀನಿಗೆ ಷರತ್ತು ಹಾಕಿತ್ತು. ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿ, ನ್ಯಾಯಾಧೀಶರಿಗೂ ಸರ್ಕಾರಿ ವಕೀಲರಿಗೂ ಲಿಂಗಸಂವೇದನೆಯ ತರಬೇತಿ ಬೇಕೆಂದಿತು. ಕಾನೂನು ಪದವಿಯ ಪಾಠದಲ್ಲಿಯೂ ವಕೀಲರ ಅಖಿಲ ಭಾರತ ಪರೀಕ್ಷೆಯಲ್ಲಿಯೂ ಅದು ಸೇರಬೇಕೆಂದು ಬಾರ್ ಕೌನ್ಸಿಲಿಗೆ ಹೇಳಿತು. ಒಂದು ಗಂಟೆಯ ಉಪನ್ಯಾಸದಿಂದ ಮನಸ್ಸು ತಿರುಗೀತೆ ಎಂಬ ಸಂಶಯ ನಮಗೂ ಉಂಟು. ಹಾಜರಿ ಪುಸ್ತಕಕ್ಕೆ ರುಜು ಹಾಕಿ ಚಹಾ ಕುಡಿದು ಎದ್ದುಬರುವ ತರಬೇತಿಗಳನ್ನು ಯಾರು ಕಂಡಿಲ್ಲ! ಆದರೆ 1329 ಫಸಲಿಯ ಕಾಯಿದೆಯನ್ನು ಮುಂದಿಟ್ಟು, ಅದರ ಒಂದೊಂದು ಕಲಮನ್ನೂ ಗಟ್ಟಿಯಾಗಿ ಓದಿಸಿದರೆ ಆ ಗಂಟೆ ವ್ಯರ್ಥವಾಗಲಾರದು.

ಹೈದರಾಬಾದಿನಲ್ಲಿ ಕಲಿಕೆ ಬೇರೆ ದಿಕ್ಕಿನಿಂದಲೂ ಬಂದಿದೆ. ನಗರದ ಹೊರವಲಯದ ನಲ್ಸಾರ್ ಕಾನೂನು ವಿಶ್ವವಿದ್ಯಾಲಯದಲ್ಲಿ 2015ರಲ್ಲಿ ವಿದ್ಯಾರ್ಥಿಯೊಬ್ಬರು ತಮ್ಮ ಹೆಸರಿನ ಹಿಂದೆ ಗಂಡು ಹೆಣ್ಣಿನ ಗುರುತಿಲ್ಲದ ಪ್ರಮಾಣಪತ್ರ ಕೇಳಿ ಪಡೆದರು. 2022ರಲ್ಲಿ ಅಲ್ಲಿನ ಹಾಸ್ಟೆಲೊಂದರ ನೆಲಮಹಡಿ ಲಿಂಗಭೇದವಿಲ್ಲದ ವಾಸಕ್ಕೆ ತೆರೆಯಿತು.

ಇತ್ತ, ವಸಂತ ಮೊಗ್ಲಿ ಮತ್ತಿತರರು 2018ರಲ್ಲಿ ಹಳೆಯ ಕಾಯಿದೆಯನ್ನು ಪ್ರಶ್ನಿಸಿ ಹೈಕೋರ್ಟಿನ ಮೆಟ್ಟಿಲೇರಿದ್ದರು. 2023ರ ಜುಲೈಯಲ್ಲಿ ಮುಖ್ಯ ನ್ಯಾಯಮೂರ್ತಿ ಉಜ್ಜಲ್ ಭುಯಾನ್ ಮತ್ತು ನ್ಯಾಯಮೂರ್ತಿ ಸಿ.ವಿ. ಭಾಸ್ಕರ ರೆಡ್ಡಿ ಅವರ ಪೀಠ ಅದು ಸಂವಿಧಾನಕ್ಕೆ ವಿರುದ್ಧವೆಂದು ಹೊಡೆದುಹಾಕಿತು. ಯಾರನ್ನು ಪಟ್ಟಿಯಲ್ಲಿ ಬರೆದು ಕಾಯಬೇಕೆಂದಿದ್ದರೋ ಅವರಿಗೆ ರಾಜ್ಯದ ಆಸರಾ ಪಿಂಚಣಿಯನ್ನು ಕೊಡಬೇಕೆಂದೂ ಅದೇ ತೀರ್ಪು ಆದೇಶಿಸಿತು.