ಕಡಲಿಲ್ಲದ ಸೀಮೆಯವರ ಕಡಲ ಭಾವಚಿತ್ರಗಳು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂಬ ಊರುಗಳ ಹೆಸರನ್ನು ಒಟ್ಟಿಗೆ ಕೇಳಿದವರ ಮನಸ್ಸಿನಲ್ಲಿ ಮೂಡುವುದು ಎರೆಮಣ್ಣಿನ ತೊಗರಿಹೊಲ, ಖಣಿಯಿಂದೆತ್ತಿ ಅಡಕಿಟ್ಟ ಪರ್ಸಿಕಲ್ಲು, ಸಿಮೆಂಟಿನ ಕಾರ್ಖಾನೆಯ ಚಿಮಣಿ, ಬೇಸಗೆಯ ಉರಿಬಿಸಿಲು ಇವೇ ಹೊರತು ಸಮುದ್ರವಲ್ಲ. ಮುಲ್ಲಾಮಾರಿ ಕಾಗಿಣೆಯನ್ನೂ, ಕಾಗಿಣೆ ಭೀಮೆಯನ್ನೂ, ಭೀಮೆ ಕೃಷ್ಣೆಯನ್ನೂ ಕೂಡಿ ಇಲ್ಲಿಯ ನೀರು ಕಟ್ಟಕಡೆಗೆ ಬಂಗಾಳದ ಉಪಸಾಗರವನ್ನು ಸೇರುವುದಾದರೂ, ಆ ಸಾಗರವನ್ನು ಕಣ್ಣಾರೆ ಕಂಡವರು ಈ ಸೀಮೆಯಲ್ಲಿ ಒಂದು ಕಾಲಕ್ಕೆ ತೀರ ವಿರಳರಾಗಿದ್ದರು. ಹೀಗಿದ್ದರೂ ಇಲ್ಲಿಯ ಹಳೆಯ ಮನೆಗಳ ಪಡಸಾಲೆಯಲ್ಲಿ, ಶರಣಬಸವೇಶ್ವರರ ಪಟದ ಸಾಲಿನಲ್ಲಿಯೇ, ಕನ್ನಡಿ ಕಟ್ಟಿಸಿ ತೂಗುಹಾಕಿದ ಒಂದು ಭಾವಚಿತ್ರ ಆಗಾಗ ಕಣ್ಣಿಗೆ ಬೀಳುವುದುಂಟು: ಮುಂಬಯಿಯ ಚೌಪಾಟಿಯ ಮರಳಿನ ಮೇಲೆಯೋ ಮದರಾಸಿನ ಮರೀನಾ ದಂಡೆಯ ಮೇಲೆಯೋ, ತಲೆಗೆ ರುಮಾಲು ಸುತ್ತಿದ ಗಂಡಸು, ಸೆರಗು ಹೊದ್ದ ಹೆಂಗಸು, ನಡುವೆ ಬಿಸಿಲಿಗೆ ಕಣ್ಣು ಕಿರಿದುಮಾಡಿದ ಮಗು, ಹಿಂದೆ ಬೆಳ್ಳಗೆ ಮಸುಕಾದ ನೀರು. ಇಂತಹ ಚಿತ್ರಗಳು ಈ ಕಲ್ಲುಸೀಮೆಗೆ ಹೇಗೆ ಬಂದುವೆಂಬುದಕ್ಕೆ ಒಂದು ಚರಿತ್ರೆಯಿದೆ. ಅದು ರೈಲಿನ, ಕೂಲಿಯ, ಯಾತ್ರೆಯ ಚರಿತ್ರೆಯೂ ಆಗಿದೆ.

ಸಮುದ್ರಕ್ಕೂ ಈ ನೆಲಕ್ಕೂ ಇದ್ದ ಸಂಬಂಧವು ಮೂಲದಿಂದಲೂ ದೂರದ್ದೆಂದು ಹೇಳುವುದು ಸರಿಯಾಗಲಾರದು. ಸೇಡಂ ತಾಲೂಕಿನ ಮಳಖೇಡವು ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿದ್ದಾಗ, ಕಾಗಿಣೆಯ ದಂಡೆಯ ಕೋಟೆಯಲ್ಲಿ ಕುಳಿತ ಅರಸರ ಆಜ್ಞೆ ಪಶ್ಚಿಮ ಸಮುದ್ರದ ರೇವುಗಳವರೆಗೆ ನಡೆಯುತ್ತಿತ್ತು. ಕ್ರಿ.ಶ. 926ರ, ಮೂರನೆಯ ಇಂದ್ರನ ಕಾಲದ ಚಿಂಚಣಿ ತಾಮ್ರಶಾಸನವು, ಸಂಜಾನ ರೇವಿನ ಮಂಡಲವನ್ನು ಮಧುಮತಿಯೆಂಬ ತಾಜಿಕನು, ಎಂದರೆ ಅರಬನು, ರಾಷ್ಟ್ರಕೂಟರ ಪರವಾಗಿ ಆಳುತ್ತಿದ್ದನೆಂದು ತಿಳಿಸುತ್ತದೆ. ಅದೇ ಶತಮಾನದಲ್ಲಿ ಈ ದೇಶದ ಕರಾವಳಿಗೆ ಬಂದಿದ್ದ ಅಲ್ ಮಸೂದಿಯೆಂಬ ಅರಬ್ ಪಂಡಿತನು, ಬಲ್ಹಾರ, ಎಂದರೆ ರಾಷ್ಟ್ರಕೂಟ, ರಾಜನ ರಾಜಧಾನಿಯಾದ ಮಾನ್‌ಕೀರ್, ಎಂದರೆ ಮಾನ್ಯಖೇಟ, ಸಮುದ್ರದಿಂದ ಎಂಬತ್ತು ಸಿಂಧೀ ಫರ್ಸಖ್‌ಗಳಷ್ಟು ದೂರದಲ್ಲಿದೆಯೆಂದು ಬರೆದಿಟ್ಟನು. ಸಮುದ್ರದಿಂದ ಎಷ್ಟು ದೂರವೆಂಬ ಅಳತೆಯಿಂದಲೇ ಈ ಊರನ್ನು ಪರದೇಶದ ಓದುಗರಿಗೆ ಪರಿಚಯಮಾಡಿಕೊಟ್ಟ ಆ ಯಾತ್ರಿಕನ ದೃಷ್ಟಿ ನನಗೆ ಬಹಳ ಅರ್ಥವುಳ್ಳದ್ದಾಗಿ ತೋರುತ್ತದೆ.

ಆ ವೈಭವ ಅಳಿದು, ಬಹಮನಿ ಮೊದಲಾದ ರಾಜ್ಯಗಳು ಕಳೆದು, ಈ ಭಾಗವು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ ಮೇಲೆ ಕಡಲು ನಿಜವಾಗಿಯೂ ಹೊರನಾಡಾಯಿತು. ಪೂರ್ವ ಕರಾವಳಿಯ ಉತ್ತರ ಸರ್ಕಾರ ಜಿಲ್ಲೆಗಳು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲಿಷರ ಕೈಸೇರಿದುದರಿಂದ ಸಂಸ್ಥಾನಕ್ಕೆ ಕರಾವಳಿಯೇ ಇಲ್ಲದಂತಾಗಿ, ಮಚಲಿಪಟ್ಟಣದ ರೇವನ್ನು ಬಳಸಿಕೊಳ್ಳುವ ಹಕ್ಕು 1802ರ ವಾಣಿಜ್ಯ ಒಡಂಬಡಿಕೆಯಲ್ಲಿ ಕಾಗದದ ಮೇಲೆ ಉಳಿಯಿತು. ಬ್ರಿಟಿಷರು ಹೊರಡುವ ಹೊತ್ತಿಗೂ ನಿಜಾಮರ ಸರ್ಕಾರ ಗೋವೆಯ ಮರ್ಮಗೋವಾ ಬಂದರಿನ ಆಸೆಯನ್ನು ಬಿಟ್ಟಿರಲಿಲ್ಲ.

ದೊರೆಗಳಿಗೆ ದೊರೆಯದ ಕಡಲನ್ನು ಪ್ರಜೆಗಳಿಗೆ ತೋರಿಸಿದುದು ರೈಲು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಹಳಿಗಳು ಸೊಲ್ಲಾಪುರದಿಂದ ಮುಂದುವರಿದು ಕಲಬುರ್ಗಿ, ಶಹಾಬಾದ, ವಾಡಿಗಳನ್ನು ಹಾಯ್ದು 1871ರಲ್ಲಿ ರಾಯಚೂರಿನ ಹತ್ತಿರ ಮದರಾಸು ರೈಲ್ವೆಯ ಹಳಿಗಳನ್ನು ಕೂಡಿಕೊಂಡಾಗ, ಪಶ್ಚಿಮದ ಕಡಲಿಗೂ ಪೂರ್ವದ ಕಡಲಿಗೂ ನಡುವೆ ಒಂದು ಕಬ್ಬಿಣದ ದಾರಿ ಏರ್ಪಟ್ಟಿತು. 1874ರಲ್ಲಿ ನಿಜಾಮರ ರೈಲ್ವೆಯು ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೂಲಕ ಸಿಕಂದರಾಬಾದಿಗೆ ಹೊರಟುದರಿಂದ, ಬಯಲಿನ ನಡುವಣ ವಾಡಿ ಜಂಕ್ಷನ್ ಎನಿಸಿಕೊಂಡಿತು. ಭೂಪಟವನ್ನು ನೋಡಿದರೆ ವಾಡಿಯು ಆ ದಾರಿಯ ಹೆಚ್ಚುಕಡಿಮೆ ಮಧ್ಯದಲ್ಲಿದೆ. ಮುಂಬಯಿಯೂ ಮದರಾಸೂ ಅಲ್ಲಿಂದ ತಲಾ ಆರುನೂರರಿಂದ ಏಳುನೂರು ಕಿಲೋಮೀಟರುಗಳ ದೂರದವು. ಸಾಯಂಕಾಲ ಗಾಡಿ ಹತ್ತಿದವನು ಬೆಳಗಾಗುವಷ್ಟರಲ್ಲಿ ಯಾವ ಕಡಲನ್ನಾದರೂ ಆರಿಸಿಕೊಳ್ಳಬಹುದಾದ ಇಂತಹ ಸ್ಥಾನ ಒಳನಾಡಿನ ಎಷ್ಟು ಊರುಗಳಿಗುಂಟು? ಚಿಂಚೋಳಿಗೆ ಮಾತ್ರ ಈ ಭಾಗ್ಯ ಒದಗಲಿಲ್ಲ. ಅಲ್ಲಿಯವರು ಅಡವಿ ಗುಡ್ಡಗಳನ್ನು ದಾಟಿ ತಾಂಡೂರಿಗೋ ಸೇಡಂಗೋ ಬಂದು ಗಾಡಿ ಹಿಡಿಯಬೇಕಾಗಿತ್ತು.

ರೈಲು ಬರುವುದಕ್ಕೆ ಮೊದಲೇ ಛಾಯಾಗ್ರಹಣ ಈ ದೇಶಕ್ಕೆ ಬಂದಿತ್ತು. ಯೂರೋಪಿನಲ್ಲಿ 1839ರಲ್ಲಿ ಪ್ರಕಟವಾದ ಈ ವಿದ್ಯೆಗೆ ಮುಂಬಯಿಯಲ್ಲಿ 1854ರಲ್ಲಿಯೂ ಮದರಾಸಿನಲ್ಲಿ 1856ರಲ್ಲಿಯೂ ಸಂಘಗಳು ಸ್ಥಾಪಿತವಾದುವು. ಆದರೆ ಸಮುದ್ರವು ಆ ಕಾಲದ ಕ್ಯಾಮೆರಾಗಳಿಗೆ ಸುಲಭವಾಗಿ ಒಲಿಯುವ ವಸ್ತುವಾಗಿರಲಿಲ್ಲ. ಗಾಜಿನ ಫಲಕಕ್ಕೆ ಕೊಲೋಡಿಯನ್ ದ್ರವವನ್ನು ಹೊಯ್ದು, ಅದು ಆರುವ ಮೊದಲೇ ಚಿತ್ರ ತೆಗೆದು, ಅಲ್ಲಿಯೇ ಡೇರೆಯ ಕತ್ತಲಲ್ಲಿ ಸಂಸ್ಕರಿಸಬೇಕಾಗಿದ್ದ ಆ ಪದ್ಧತಿಯಲ್ಲಿ, ಕ್ಷಣಕ್ಷಣಕ್ಕೂ ಚಲಿಸುವ ಅಲೆಯು ಮಂಜಿನಂತೆ ಕಲಸಿಹೋಗುತ್ತಿತ್ತು. ಅದಲ್ಲದೆ ಆ ಫಲಕಗಳು ನೀಲಿಯ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಆಕಾಶವೆಲ್ಲ ಬರಿಯ ಬಿಳುಪಾಗಿ ಬರುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ ಎಂಬ ಕಲಾವಿದನು 1850ರ ದಶಕದಲ್ಲಿ ಕಡಲಿಗೊಂದು, ಮುಗಿಲಿಗೊಂದು ಎಂದು ಬೇರೆಬೇರೆ ಫಲಕಗಳನ್ನು ತೆಗೆದು ಒಂದೇ ಕಾಗದದ ಮೇಲೆ ಕೂಡಿಸಿ ಈ ಕೊರತೆಯನ್ನು ಗೆದ್ದನು. 1871ರಲ್ಲಿ, ನಮ್ಮ ರೈಲು ರಾಯಚೂರನ್ನು ಮುಟ್ಟಿದ ವರ್ಷದಲ್ಲಿಯೇ, ಇಂಗ್ಲೆಂಡಿನ ಮ್ಯಾಡಾಕ್ಸ್ ಎಂಬ ವೈದ್ಯನು ಒಣಫಲಕದ ಮಾರ್ಗವನ್ನು ತೋರಿಸಿದ ಮೇಲೆ ಛಾಯಾಗ್ರಾಹಕನು ಡೇರೆಯ ಹೊರೆಯಿಂದ ಬಿಡುಗಡೆ ಹೊಂದಿದನು.

ಹೈದರಾಬಾದು ಸಂಸ್ಥಾನದಲ್ಲಿ ಈ ಕಲೆಯನ್ನು ಮೆರೆಸಿದವರು ಲಾಲಾ ದೀನದಯಾಳರು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾಗಿ ಸಿಕಂದರಾಬಾದಿನಲ್ಲಿ ನೆಲೆಸಿದ ಅವರು, ಗೋಷೆಯ ಹೆಂಗಸರಿಗಾಗಿ 1892ರಲ್ಲಿ ಹೈದರಾಬಾದಿನಲ್ಲಿ ಪ್ರತ್ಯೇಕವಾದ ಜನಾನಾ ಸ್ಟುಡಿಯೋ ಒಂದನ್ನು ತೆರೆದರು. 1896ರಲ್ಲಿ ಮುಂಬಯಿಯಲ್ಲಿಯೂ ಸ್ಟುಡಿಯೋ ನಡೆಸತೊಡಗಿದರು. ಅರಸರಿಗೂ ಜಹಗೀರದಾರರಿಗೂ ಮಾತ್ರ ಎಟುಕುತ್ತಿದ್ದ ಈ ಭೋಗವು ಸಾಮಾನ್ಯರ ಕೈಗೆ ಬರಲು ಮತ್ತೂ ಹಲವು ದಶಕಗಳು ಬೇಕಾದುವು. ಬಂದಾಗ ಅದರೊಡನೆ ಕಡಲು ಮೊದಲು ಬಂದುದು ಪರದೆಯ ರೂಪದಲ್ಲಿ. ಊರಿನ ಸ್ಟುಡಿಯೋಗಳು ಗೋಡೆಗೆ ಇಳಿಬಿಡುತ್ತಿದ್ದ ಬಣ್ಣದ ಪರದೆಯ ಮೇಲೆ ತೆಂಗಿನ ಮರ, ಹಾಯಿದೋಣಿ, ಪೂರ್ಣಚಂದ್ರ, ಕಡಲು ಇರುತ್ತಿದ್ದುವು. ತೆಂಗಿನ ತೋಟವನ್ನೇ ಕಾಣದ ಮದುಮಕ್ಕಳು ಅದರ ಮುಂದೆ ನಿಂತು ತೆಗೆಸಿಕೊಂಡ ಚಿತ್ರಗಳನ್ನು ಕೃತಕವೆಂದು ತಳ್ಳಿಹಾಕಲು ನನ್ನ ಮನಸ್ಸೊಪ್ಪುವುದಿಲ್ಲ. ಕಾಣಬೇಕೆಂಬ ಹಂಬಲವು ಕಂಡದ್ದಕ್ಕಿಂತ ಮೊದಲೇ ಚಿತ್ರವಾಗಿ ಮನೆಯೊಳಗೆ ಬಂದು ನಿಂತಿತೆಂಬುದೂ ಚರಿತ್ರೆಯ ಒಂದು ಅಂಶವೇ.

ಆಮೇಲೆ ಜನ ನಿಜವಾದ ಕಡಲಿನ ಕಡೆಗೆ ನಡೆದರು. ರಾಮೇಶ್ವರಕ್ಕೆ ಹೊರಟ ಯಾತ್ರಿಕರು ಮದರಾಸಿನಲ್ಲಿ ಗಾಡಿ ಬದಲಿಸುವಾಗ ದೊರೆತ ಹೊತ್ತಿನಲ್ಲಿ ಮರೀನಾಕ್ಕೆ ಹೋಗಿ ಕಾಲು ತೋಯಿಸಿಕೊಂಡರು. ಆದರೆ ಈ ಚಿತ್ರಗಳ ದೊಡ್ಡ ಪಾಲು ಯಾತ್ರೆಯಿಂದ ಬಂದುದಲ್ಲ, ದುಡಿಮೆಯಿಂದ ಬಂದುದು. ಮಳೆ ಕೈಕೊಟ್ಟ ವರ್ಷಗಳಲ್ಲಿ, ಅದರಲ್ಲಿಯೂ 1972ರ ಭೀಕರ ಬರದ ಕಾಲದಲ್ಲಿ, ಈ ತಾಲೂಕುಗಳ ಹಳ್ಳಿಗಳಿಂದಲೂ ಲಂಬಾಣಿ ತಾಂಡಾಗಳಿಂದಲೂ ಸಂಸಾರ ಸಮೇತರಾಗಿ ಗುಳೆ ಹೋದವರು ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ಕಟ್ಟಡದ ಕೂಲಿಗೆ ನಿಂತರು. ಅವರಿಗಿಂತ ಮೊದಲೇ ಈ ನೆಲದ ಕಲ್ಲು ಆ ನಗರಗಳಿಗೆ ಹೋಗಿ ನೆಲೆಸಿತ್ತು. ಶಹಾಬಾದಿ ಫರಶಿ ಎಂದರೆ ಮಹಾರಾಷ್ಟ್ರದ ಮನೆಮನೆಯವರೂ ಬಲ್ಲರು. ಅಲ್ಲಿಯ ಚಾಳುಗಳ ಮೊಗಸಾಲೆ, ಅಡಿಗೆಮನೆಯ ಕಟ್ಟೆ, ಅಂಗಳ ಇವೆಲ್ಲ ನಮ್ಮ ಖಣಿಗಳಿಂದ ಪದರುಪದರಾಗಿ ಎದ್ದ ಈ ನುಣುಪಾದ ಸುಣ್ಣಗಲ್ಲಿನಿಂದ ಹಾಸಿಕೊಂಡಂತಹವು. ಈ ಕಲ್ಲಾದರೂ ಹುಟ್ಟಿದುದೆಲ್ಲಿ? ಬಹುಕೋಟಿ ವರ್ಷಗಳ ಹಿಂದೆ ಇಲ್ಲಿ ಹರಡಿದ್ದ ಆಳವಲ್ಲದ ಕಡಲೊಂದರ ತಳದಲ್ಲಿ ಸುಣ್ಣದ ಕೆಸರು ನೆಲೆನಿಂತು ಗಟ್ಟಿಯಾದುದೇ ಈ ಶಿಲೆ. ಭೂವಿಜ್ಞಾನಿಗಳಾದ ಕಿಂಗ್ ಮತ್ತು ಬ್ರೂಸ್ ಫೂಟ್ 1870ರ ದಶಕದಲ್ಲಿ ವರ್ಣಿಸಿದ ಭೀಮಾ ಶಿಲಾಸಮೂಹವಿದು.

ವಾರದ ರಜೆಯ ದಿನ ಕೂಲಿಯವರು ಕೈಯಲ್ಲಿ ನಾಲ್ಕು ಕಾಸು ಉಳಿದಾಗ ಹೋಗಬಹುದಾಗಿದ್ದ, ಒಳಗೆ ಹೋಗಲು ಹಣ ಕೇಳದ, ಯಾರೂ ತಡೆಯದ ಜಾಗವೆಂದರೆ ಕಡಲ ದಂಡೆಯೊಂದೇ. ನಾಟಕಶಾಲೆಗೆ ಟಿಕೆಟ್ಟು ಬೇಕು, ಹೋಟೆಲಿಗೆ ಉಡುಪು ಬೇಕು. ಚೌಪಾಟಿಗೆ ಕಾಲಿದ್ದರೆ ಸಾಕು. ಅದು ಸಾರ್ವಜನಿಕರ ನೆಲವೆಂಬ ಮರ್ಯಾದೆಯನ್ನು ಹಿಂದೆಯೇ ಪಡೆದಿತ್ತು: 1920ರ ಆಗಸ್ಟ್ 1ರಂದು ಲೋಕಮಾನ್ಯ ಟಿಳಕರ ಅಂತ್ಯಸಂಸ್ಕಾರ ನಡೆದುದು ಆ ಮರಳಿನಲ್ಲಿ, 1930ರಲ್ಲಿ ಮಂಗಳೂರಿನ ಮಗಳಾದ ಕಮಲಾದೇವಿ ಚಟ್ಟೋಪಾಧ್ಯಾಯರು ಉಪ್ಪಿನ ಕಾನೂನನ್ನು ಮುರಿಯಲು ನಿಂತುದೂ ಅಲ್ಲಿಯೇ. ಅಂತಹ ನೆಲದ ಮೇಲೆ ಕಲ್ಲು ಹೊತ್ತ ಮನುಷ್ಯನೊಬ್ಬ ಶುಚಿಯಾದ ಅಂಗಿ ತೊಟ್ಟು, ಹೆಂಡತಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಛಾಯಾಗ್ರಾಹಕನಿಗೆ ಹಣ ಕೊಟ್ಟು ಚಿತ್ರ ತೆಗೆಸಿಕೊಂಡನೆಂದರೆ ಅದು ವಿಲಾಸವಲ್ಲ. ಊರಿನಲ್ಲಿ ಉಳಿದ ತಾಯಿತಂದೆಗಳಿಗೆ ತಾವು ಕ್ಷೇಮವಾಗಿರುವೆವೆಂದು, ಸೋತು ಹೋದವರಲ್ಲವೆಂದು ತಿಳಿಸುವ ಪತ್ರವದು. ಅಕ್ಷರ ಬಾರದವರು ಬರೆಯಬಹುದಾಗಿದ್ದ ಪತ್ರವೂ ಅದೊಂದೇ. ಚಿತ್ರದಲ್ಲಿ ಅವರ ಮುಖ ಬಿಗಿದುಕೊಂಡಿರುವುದನ್ನು ಕಂಡು ಸಂಕೋಚವೆಂದು ಭಾವಿಸುವವರಿದ್ದಾರೆ; ಅದು ಗಾಂಭೀರ್ಯವೆಂದೇ ನನ್ನ ನಂಬಿಕೆ.

ಚಿತ್ರ ತೆಗೆಯುವ ಉಪಕರಣ ಮಾತ್ರ ಬೇಗಬೇಗನೆ ಬದಲಾಯಿತು. ಮುಕ್ಕಾಲಿಯ ಮೇಲಣ ಪೆಟ್ಟಿಗೆಯೊಳಗೇ ಕಾಗದವನ್ನು ತೊಳೆದು ಕೊಡುತ್ತಿದ್ದ ಬೀದಿಯ ಛಾಯಾಗ್ರಾಹಕರು, ಬಡೋದೆಯಲ್ಲಿ ತಯಾರಾದ ಆಗ್ಫಾ ಕ್ಲಿಕ್ ಕ್ಯಾಮೆರಾದ ಹನ್ನೆರಡು ಚಿತ್ರಗಳ ಸುರುಳಿ, ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮು, ಮರೀನಾದಲ್ಲಿ ಚಿತ್ರತಾರೆಯರ ಹಲಗೆಯ ಆಕೃತಿಗಳ ಪಕ್ಕದಲ್ಲಿ ನಿಲ್ಲಿಸಿ ತೆಗೆಯುವವರು, ಗೇಟ್‌ವೇ ಆಫ್ ಇಂಡಿಯಾದ ಮುಂದೆ ನಿಮಿಷಗಳಲ್ಲಿ ಚಿತ್ರ ಮುದ್ರಿಸಿ ಕೈಗಿಡುವವರು, ಕಡೆಗೆ ಎಲ್ಲರ ಜೇಬಿನ ಮೊಬೈಲು.

ಈ ಹಳೆಯ ಚಿತ್ರಗಳ ಬೆಲೆ ಮನೆಯವರ ನೆನಪಿಗೆ ಮಾತ್ರ ಸೀಮಿತವಾದುದಲ್ಲ. ಕಡಲ ದಂಡೆ ಸ್ಥಿರವಾದ ವಸ್ತುವಲ್ಲ. ಮದರಾಸಿನಲ್ಲಿ 1870ರ ದಶಕದಿಂದ ಬಂದರಿನ ಗೋಡೆಗಳು ಸಮುದ್ರದೊಳಗೆ ಚಾಚಿಕೊಂಡಂತೆ ಉತ್ತರಕ್ಕೆ ಸಾಗುತ್ತಿದ್ದ ಮರಳು ದಕ್ಷಿಣದ ಮಗ್ಗುಲಲ್ಲಿ ತಡೆದುನಿಂತು ಶೇಖರವಾಯಿತು. ಗವರ್ನರ್ ಗ್ರಾಂಟ್ ಡಫ್ 1884ರಲ್ಲಿ ವಿಹಾರಪಥವನ್ನು ಮಾಡಿಸಿ ಮರೀನಾ ಎಂದು ಹೆಸರಿಟ್ಟ ದಂಡೆ ಈಗಿನಷ್ಟು ಅಗಲವಾಗಿರಲಿಲ್ಲ. ಮುಂಬಯಿಯಲ್ಲಿ ಸಮುದ್ರವನ್ನು ತುಂಬಿ ಮರೀನ್ ಡ್ರೈವ್ ಮಾಡುವ ಮೊದಲು ಚರ್ನಿ ರೋಡ್ ಕಡೆಯ ರೈಲುಹಳಿಗೆ ನೀರು ಬಹು ಸಮೀಪದಲ್ಲಿತ್ತು. ಹಿನ್ನೆಲೆಯಲ್ಲಿ ಟಿಳಕರ ಪ್ರತಿಮೆ ಕಂಡರೆ ಆ ಚೌಪಾಟಿಯ ಚಿತ್ರ 1933ರ ಅನಂತರದ್ದು. ದೇವೀಪ್ರಸಾದ ರಾಯಚೌಧರಿಯವರ ಶ್ರಮಿಕರ ಶಿಲ್ಪ ಕಂಡರೆ ಆ ಮರೀನಾದ ಚಿತ್ರ 1959ರ ಅನಂತರದ್ದು. ಹೀಗೆ ಸೇಡಂನ ಒಂದು ಮನೆಯ ಪಟವು ಮದರಾಸಿನ ದಂಡೆಯ ಚರಿತ್ರೆಗೂ ಸಾಕ್ಷಿಯಾಗಬಲ್ಲದು.

ಆದರೆ ಸಾಕ್ಷಿ ನುಡಿಯಬೇಕಾದರೆ ಅದರ ಹೆಸರು ತಿಳಿದಿರಬೇಕು. ಹಳೆಯ ಮನೆಗಳನ್ನು ಕೆಡವಿ ಕಟ್ಟಿಸುವಾಗ ಈ ಪಟಗಳ ಕನ್ನಡಿ ಒಡೆದು, ಕಾಗದಕ್ಕೆ ಗೆದ್ದಲು ಹಿಡಿದು, ಚಿತ್ರದಲ್ಲಿರುವವರು ಯಾರೆಂದು ಹೇಳಬಲ್ಲ ಹಿರಿಯರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ಆದಕಾರಣ ಈ ಐದು ಊರುಗಳ ಓದುಗರಲ್ಲಿ ನನ್ನ ಬಿನ್ನಹವಿಷ್ಟೆ: ನಿಮ್ಮ ಮನೆಯ ಕಡಲ ಚಿತ್ರವನ್ನು ಕೆಳಗಿಳಿಸಿ, ಅಜ್ಜಿಯನ್ನೋ ಮುತ್ತಜ್ಜನನ್ನೋ ಕೇಳಿ, ಯಾರು, ಯಾವ ಹಳ್ಳಿಯವರು, ಯಾವ ವರ್ಷ, ಯಾವ ಕೆಲಸಕ್ಕೆ ಹೋಗಿದ್ದರೆಂಬುದನ್ನು ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಬರೆದಿಡಿ, ಅದರ ಪ್ರತಿಯೊಂದನ್ನು ನಿಮ್ಮೂರಿನ ಗ್ರಂಥಾಲಯಕ್ಕೋ ಕಾಲೇಜಿಗೋ ಒಪ್ಪಿಸಿರಿ.