ಕಡಲೆಯ ಹುಳಿ, ಭೀಮೆಯ ಸುಣ್ಣ: ಅಂದೋಲಾ ಸೀಮೆಯಲ್ಲಿ ಆಮ್ಲ–ಪ್ರತ್ಯಾಮ್ಲಗಳ ಚರಿತ್ರೆ

ನಮ್ಮ ಪ್ರೌಢಶಾಲೆಗಳಲ್ಲಿ ಆಮ್ಲ, ಪ್ರತ್ಯಾಮ್ಲಗಳ ಪಾಠ ಲಿಟ್ಮಸ್ ಕಾಗದದಿಂದ ಶುರುವಾಗುತ್ತದೆ. ಜೇವರ್ಗಿ ತಾಲೂಕಿನ ಅಂದೋಲಾದಂಥ ಊರಿನಲ್ಲಿ ಅದು ಹೊಲದಿಂದ ಶುರುವಾಗಬೇಕು ಎಂಬುದು ಈ ಲೇಖನದ ವಾದ. ನಿಜಾಮರ ಆಡಳಿತದಲ್ಲಿ ಗುಲ್ಬರ್ಗಾ ಜಿಲ್ಲೆಯ ತಾಲೂಕೊಂದಕ್ಕೆ ಈ ಊರಿನ ಹೆಸರಿತ್ತು. ಭೂವಿಜ್ಞಾನದಲ್ಲಿ ಅದು ಇಂದಿಗೂ ಉಳಿದಿದೆ. ವಿಲಿಯಂ ಕಿಂಗ್ 1872ರಲ್ಲಿ ಭೀಮಾ ನದಿಯ ಹೆಸರಿಟ್ಟ ಶಿಲಾಸಮೂಹದ ಮೇಲಿನ ಭಾಗ ‘ಅಂದೋಲಾ ಉಪಸಮೂಹ’ ಎನಿಸಿಕೊಂಡಿದೆ. ಶಹಾಬಾದ್ ಕಲ್ಲೆಂದು ಮನೆಮನೆಗೂ ಹಾಸುಬಿದ್ದಿರುವ ಸುಣ್ಣಕಲ್ಲು ಈ ಭೀಮಾ ಶಿಲೆಗಳದ್ದೇ.

ಹಿಂಗಾರಿಯಲ್ಲಿ ಎರೆಹೊಲದ ಕಡಲೆ ಗಿಡ ತನ್ನ ಮೈಮೇಲಿನ ಸೂಕ್ಷ್ಮ ರೋಮಗಳಿಂದ ಹುಳಿ ಒಸರುತ್ತದೆ. ಇಬ್ಬನಿ ಬಿದ್ದ ರಾತ್ರಿ ಬೆಳೆಯ ಮೇಲೆ ಬಿಳಿ ಅರಿವೆ ಹಾಸಿ, ನಸುಕಿನಲ್ಲಿ ಹಿಂಡಿ ಆ ರಸವನ್ನು ಕೂಡಿಡುವುದು ದಖ್ಖನ್ನಿನ ಹಳೆಯ ರೂಢಿ. ಅಜೀರ್ಣಕ್ಕೆ, ಹೊಟ್ಟೆನೋವಿಗೆ ಅದೇ ಮದ್ದು. ಸೊಪ್ಪು ಚಿವುಟುವವರ ಬೆರಳಿಗೆ ಉರಿ ಹತ್ತುವುದೂ ಅದರಿಂದಲೇ. ಈ ರಸದಲ್ಲಿ ಮುಖ್ಯವಾಗಿ ಇರುವುದು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳು. ಹಸಿಕಾಯಿ ಕೊರೆಯುವ ಕೀಡೆಯ ಬೆಳವಣಿಗೆಯನ್ನು ಆಕ್ಸಾಲಿಕ್ ಆಮ್ಲ ತಡೆಯುತ್ತದೆಂದು 1995ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ಅಂದರೆ ರೈತರು ಹಿಂಡಿಕೊಳ್ಳುವ ಹುಳಿ ಗಿಡದ ಪಾಲಿಗೆ ಕಾವಲು. ರಸಾಯನಶಾಸ್ತ್ರದ ಚರಿತ್ರೆ ಬರೆಯುವವರು ಗಂಧಕಾಮ್ಲಕ್ಕೆ ಕೊಡುವ ಪುಟಗಳಲ್ಲಿ ಒಂದನ್ನಾದರೂ ಈ ಕಡಲೆ ಹುಳಿಗೆ ಕೊಡಬೇಕಿತ್ತು.

ಇನ್ನೊಂದು ಕಡೆ ಸುಣ್ಣ. ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಬಿಟ್ಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಅದು ಕುದಿದು ಅರಳುತ್ತದೆ. ಗಚ್ಚಾಗಿ ಗೋಡೆ ಸೇರಿದ ಸುಣ್ಣ ಗಾಳಿಯಲ್ಲಿನ ಅದೇ ಅನಿಲವನ್ನು ಮರಳಿ ಹೀರಿ ಕಲ್ಲಾಗುತ್ತದೆ. ಆಮ್ಲೀಯ ಅನಿಲಕ್ಕೂ ಪ್ರತ್ಯಾಮ್ಲಕ್ಕೂ ನಡೆಯುವ ಈ ಕ್ರಿಯೆಯನ್ನು ಎಡಿನ್‌ಬರೋದ ಜೋಸೆಫ್ ಬ್ಲ್ಯಾಕ್ 1756ರಲ್ಲಿ ತೂಕ ಮಾಡಿ ವಿವರಿಸುವ ಹೊತ್ತಿಗೆ, ಕಲಬುರಗಿಯಲ್ಲಿ 1367ರ ಜಾಮಾ ಮಸೀದಿ ಎದ್ದು ನಾಲ್ಕು ಶತಮಾನ ಸಮೀಪಿಸಿತ್ತು.

ಕೈಗೆ ಗೊತ್ತಿದ್ದದ್ದನ್ನೆಲ್ಲ ಶಾಸ್ತ್ರ ಬರೆದಿಟ್ಟಿಲ್ಲ. ಆದರೂ ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಹನ್ನೊಂದನೆಯ ಅಧ್ಯಾಯ ಈ ವಿಷಯದಲ್ಲಿ ಅಪೂರ್ವವಾದದ್ದು. ಗಿಡದ ಬೂದಿಯ ಮಂದ ಕ್ಷಾರವನ್ನು ಸುಣ್ಣ ಸೇರಿಸಿ ತೀಕ್ಷ್ಣಗೊಳಿಸುವ ವಿಧಾನ ಅಲ್ಲಿದೆ. ಕ್ಷಾರ ಸುಟ್ಟ ಗಾಯಕ್ಕೆ ಹುಳಿ ಪದಾರ್ಥ ಹಚ್ಚಬೇಕೆಂದೂ, ಹುಳಿಯೊಡನೆ ಕೂಡಿದ ಕ್ಷಾರ ತನ್ನ ತೀಕ್ಷ್ಣತೆ ಕಳೆದುಕೊಳ್ಳುತ್ತದೆಂದೂ ಕಾರಣ ಸಹಿತ ಹೇಳಲಾಗಿದೆ. ಇದು ತಟಸ್ಥೀಕರಣದ ವರ್ಣನೆಯಲ್ಲದೆ ಬೇರೆಯಲ್ಲ. ಪ್ರಫುಲ್ಲಚಂದ್ರ ರಾಯ್ 1902ರ ತಮ್ಮ ಗ್ರಂಥದಲ್ಲಿ ಈ ಕ್ಷಾರವಿಧಾನಕ್ಕೆ ಮಹತ್ವದ ಸ್ಥಾನ ಕೊಟ್ಟರು.

ಸುಶ್ರುತದ ವಿವರಣೆ ರುಚಿಯ ಮೇಲೆ ನಿಂತಿತ್ತು. ಅದರಾಚೆಗೆ ದಾಟಿಸಿದ್ದು ಯುರೋಪು: 1884ರಲ್ಲಿ ಅರೆನಿಯಸ್‌ನ ಅಯಾನುಗಳು, 1909ರಲ್ಲಿ ಸೋರೆನ್ಸನ್‌ನ ಪಿಎಚ್, 1923ರಲ್ಲಿ ಬ್ರಾನ್‌ಸ್ಟೆಡ್ ಮತ್ತು ಲೌರಿ ಹೇಳಿದ ಪ್ರೋಟಾನ್ ವಿನಿಮಯ.

ಬಣ್ಣದ ಸೂಚಕವೂ ಮನೆಯಲ್ಲಿತ್ತು. ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪು. ಕುಂಕುಮ ಮಾಡುವವರಿಗೆ ಇದು ತಿಳಿದ ಸಂಗತಿ. ರಾಬರ್ಟ್ ಬಾಯ್ಲ್ 1664ರಲ್ಲಿ ನೇರಳೆ ಹೂವಿನ ರಸದಿಂದ ಮಾಡಿದ ಪರೀಕ್ಷೆ ಇದೇ ಜಾತಿಯದು. ಅರಿಶಿನಕ್ಕೆ ಒಂದು ಮಿತಿಯಿದೆ: ಕ್ಷಾರವನ್ನು ತೋರಿಸುತ್ತದೆ, ಆಮ್ಲಕ್ಕೂ ನೀರಿಗೂ ಹಳದಿಯಾಗಿಯೇ ಉಳಿಯುತ್ತದೆ.

ಆಮ್ಲದ ಪತ್ತೆಗೆ ಕಲ್ಲೇ ಸಾಕು. ಭೂವಿಜ್ಞಾನಿಗಳು ಸುಣ್ಣಕಲ್ಲನ್ನು ಗುರುತಿಸಲು ದುರ್ಬಲಗೊಳಿಸಿದ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟು ನೊರೆಯೇಳುವುದನ್ನು ನೋಡುತ್ತಾರೆ. ಕಡಲೆ ಹುಳಿಯ ಎರಡು ಆಮ್ಲಗಳು ಇದೇ ಕಲ್ಲಿನ ಮೇಲೆ ಒಂದೇ ರೀತಿ ವರ್ತಿಸುವುದಿಲ್ಲ. ಮ್ಯಾಲಿಕ್ ಆಮ್ಲ ಕಲ್ಲನ್ನು ಕರಗಿಸುತ್ತ ಹೋಗುತ್ತದೆ. ಆಕ್ಸಾಲಿಕ್ ಆಮ್ಲ ಕ್ಯಾಲ್ಸಿಯಂ ಜೊತೆ ಸೇರಿ ನೀರಿನಲ್ಲಿ ಕರಗದ ತೆಳು ಪದರ ಕಟ್ಟಿ, ತನ್ನ ದಾರಿಯನ್ನು ತಾನೇ ಮುಚ್ಚಿಕೊಳ್ಳುತ್ತದೆ.